ಆಂಟಿಬಯೋಟಿಕ್ ಚೀಟಿಗೂ ಮೊದಲು ನರ್ಸ್ ಕೇಳೋ ಪ್ರಶ್ನೆ

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ದಕ್ಷಿಣಕ್ಕೆ ಅಂಟಿಕೊಂಡಿರೋ ಊರು ಎಲ್ ಸೆಗುಂಡೋ. ಈ ಕಡೆ ಮಕ್ಕಳ ಮನೆಗೆ ಬರೋ ಅಪ್ಪ-ಅಮ್ಮಂದಿರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಜೊತೆ ಆಂಟಿಬಯೋಟಿಕ್ ಸ್ಟ್ರಿಪ್ಪೂ ಇರೋದುಂಟು. "ಅಮೆರಿಕದಲ್ಲಿ ಡಾಕ್ಟರು ಸುಲಭಕ್ಕೆ ಬರೆದುಕೊಡಲ್ಲ" ಅನ್ನೋದು ಕಾರಣ. ಯಾಕೆ ಕೊಡಲ್ಲ, ಅದರಲ್ಲಿ ನರ್ಸ್‌ಗಳ ಪಾತ್ರ ಏನು ಅಂತ ಇವತ್ತು ನೋಡೋಣ.

ಕ್ಯಾಲಿಫೋರ್ನಿಯಾ 2014ರಲ್ಲೊಂದು ಕಾನೂನು ಮಾಡಿತು. 2015ರ ಜುಲೈ 1ರೊಳಗೆ ಆಸ್ಪತ್ರೆಗಳು ಆಂಟಿಬಯೋಟಿಕ್ ಬಳಕೆಯ ಮೇಲೆ ನಿಗಾ ಇಡೋ ನೀತಿ ತರಬೇಕು, ಸಮಿತಿಯಲ್ಲಿ ವಿಷಯ ಬಲ್ಲ ವೈದ್ಯರೋ ಫಾರ್ಮಸಿಸ್ಟೋ ಇರಬೇಕು ಅಂತ. 2017ರಲ್ಲಿ ಅಮೆರಿಕದ ನರ್ಸ್‌ಗಳ ಸಂಘ ಮತ್ತು ಸಿಡಿಸಿ ಒಟ್ಟಿಗೆ ಶ್ವೇತಪತ್ರ ಹೊರತಂದು, ನರ್ಸ್‌ಗಳಿಲ್ಲದೆ ಈ ಕೆಲಸ ಆಗಲ್ಲ ಅಂತ ಒತ್ತಿ ಹೇಳಿದವು.

ಒಂದು ಉದಾಹರಣೆ ತಗೊಳ್ಳಿ. ವಯಸ್ಸಾದ ತಾಯಿ ಸ್ವಲ್ಪ ಮಂಕಾಗಿದ್ದಾರೆ, ಮೂತ್ರ ವಾಸನೆ ಬರ್ತಿದೆ. ಮನೆಯವರಿಗೆ ಗಾಬರಿ: "ಇನ್ಫೆಕ್ಷನ್ ಇರಬೇಕು, ಟೆಸ್ಟ್ ಮಾಡಿಸಿ." ಆದರೆ ಆರೈಕೆ ಕೇಂದ್ರಗಳಲ್ಲಿರೋ ವೃದ್ಧೆಯರಲ್ಲಿ ಶೇ. 25ರಿಂದ 50ರಷ್ಟು ಮಂದಿಯ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುತ್ತೆ. ಟೆಸ್ಟ್ ಮಾಡಿದರೆ ಸಿಕ್ಕೇ ಸಿಗುತ್ತೆ, ಸಿಕ್ಕಿತು ಅಂತ ಔಷಧಿ ಶುರುವಾಗುತ್ತೆ. ಆ ಔಷಧಿ ಕರುಳಿನ ಒಳ್ಳೆ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಆಗ ಸಿ. ಡಿಫಿಸೈಲ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಹೆಚ್ಚಿ ತೀವ್ರ ಭೇದಿ ಆಗಬಹುದು. ವಯಸ್ಸಾದವರಿಗೆ ಅದು ಪ್ರಾಣಕ್ಕೇ ಕುತ್ತು.

ಇಲ್ಲೇ ನರ್ಸ್ ಮುಖ್ಯ ಆಗೋದು. ಜ್ವರ ಇದೆಯಾ? ಉರಿ ಇದೆಯಾ? ನೀರು ಸರಿಯಾಗಿ ಕುಡಿದಿದ್ದಾರಾ? ಈಚೆಗೆ ಯಾವುದಾದರೂ ಮಾತ್ರೆ ಬದಲಾಯಿತಾ? ಉತ್ತರಗಳನ್ನ ಡಾಕ್ಟರಿಗೆ ತಿಳಿಸಿ, "ಮೊದಲು ನೀರು ಕೊಟ್ಟು, ಮೇಲೆ ಕಣ್ಣಿಟ್ಟು ನೋಡೋಣವಾ?" ಅಂತ ಕೇಳಬಹುದು. ಟೆಸ್ಟ್ ಬೇಕೇ ಬೇಕು ಅಂದಾಗ ಮಾದರಿ ಕಲುಷಿತ ಆಗದ ಹಾಗೆ ತೆಗೆಯೋದೂ ಅವರ ಕೈಯಲ್ಲೇ.

ಇನ್ನೊಂದು ಪೆನಿಸಿಲಿನ್ ಅಲರ್ಜಿ. ಅಮೆರಿಕದಲ್ಲಿ ಸುಮಾರು ಶೇ. 10 ಜನ ತಮಗೆ ಅದಿದೆ ಅಂತಾರೆ. ನಿಜಕ್ಕೂ ಇರೋದು ಶೇ. 1ಕ್ಕಿಂತ ಕಡಿಮೆ. "ಏನಾಗಿತ್ತು, ಯಾವಾಗ?" ಅಂತ ನರ್ಸ್ ವಿವರವಾಗಿ ಕೇಳಿ ಬರೆದಿಟ್ಟರೆ, ಸುಮ್ಮನೆ ಪ್ರಬಲ ಔಷಧಿ ಕೊಡೋದು ತಪ್ಪುತ್ತೆ.

ಸೂಟ್‌ಕೇಸಿನ ಸ್ಟ್ರಿಪ್ ಈ ಯಾವ ಪ್ರಶ್ನೆಯನ್ನೂ ಕೇಳಲ್ಲ. ಭಾರತದಲ್ಲೂ ಚೀಟಿ ಇಲ್ಲದೆ ಅದನ್ನ ಮಾರೋ ಹಾಗಿಲ್ಲ. ಮೇಲಿನ ಕೆಂಪು ಗೆರೆ ಹೇಳೋದು ಅದನ್ನೇ. ಮುಂದಿನ ಸಲ ನರ್ಸ್ ಒಂದಾದ ಮೇಲೊಂದು ಪ್ರಶ್ನೆ ಕೇಳಿದರೆ ಬೇಸರ ಮಾಡ್ಕೋಬೇಡಿ, ಸರಿಯಾಗಿ ಉತ್ತರ ಕೊಡಿ. ಚಿಕಿತ್ಸೆ ಅಲ್ಲಿಂದಲೇ ಶುರು. ಮತ್ತೆ ಸಿಗೋಣ.