ಅಮ್ಮನ ವಾಚಿನಲ್ಲಿ ಟ್ಯೂಬ್‌ಲೈಟ್ ಮಾತ್ರ ಕಾಣುತ್ತಿತ್ತು!

ಕೆಲಸಕ್ಕೆ ಸೇರಿ ಮೂರನೇ ವರ್ಷ ಮೊದಲ ಸಲ ಒಳ್ಳೆ ಬೋನಸ್ ಬಂದಾಗ ಅಮ್ಮನಿಗೆ ಒಂದು ವಾಚ್ ತಂದುಕೊಟ್ಟೆ. ಸಫೈರ್ ಗಾಜಿನದು. "ಗೀರು ಬೀಳಲ್ಲ ಅಮ್ಮಾ, ನೀನು ರಿಟೈರ್ ಆಗೋವರೆಗೂ ಹೊಸದರ ಥರಾನೇ ಇರುತ್ತೆ" ಎಂದು ಅಂಗಡಿಯವರು ಹೇಳಿದ್ದನ್ನೇ ಗಿಳಿಪಾಠ ಒಪ್ಪಿಸಿದೆ. ಅಮ್ಮ ಕಟ್ಟಿಕೊಂಡು, ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದಳು.

ದೀಪಾವಳಿಗೆ ಊರಿಗೆ ಹೋದಾಗ ನೋಡಿದರೆ ಅಮ್ಮನ ಕೈಯಲ್ಲಿ ಮತ್ತದೇ ಹಳೇ ಎಚ್‌ಎಂಟಿ. ಹೊಸ ವಾಚು ಬೀರುವಿನಲ್ಲಿ, ಬಾಕ್ಸ್ ಸಮೇತ ಭದ್ರವಾಗಿತ್ತು.

"ಇಷ್ಟ ಆಗಲಿಲ್ವಾ?"

"ಅಯ್ಯೋ, ಇಷ್ಟ ಆಗದೆ ಏನು! ಡ್ಯೂಟಿಗೆ ಯಾಕೆ ಅಂತ ಇಟ್ಟಿದೀನಿ."

ಅಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ಕಟ್ಟದ ವಾಚನ್ನು ಇನ್ನೆಲ್ಲಿಗೆ ಕಟ್ಟುತ್ತಾಳೆ? ಎರಡು ದಿನ ಬಿಡದೆ ಕೇಳಿದ ಮೇಲೆ ನಿಜ ಹೊರಬಂತು. "ನಾಡಿ ನೋಡುವಾಗ ಸೆಕೆಂಡ್ ಮುಳ್ಳು ಕಾಣಲ್ಲ ಪುಟ್ಟಾ. ಗಾಜಲ್ಲಿ ಬರೀ ಟ್ಯೂಬ್‌ಲೈಟೇ ಕಾಣುತ್ತೆ. ಪೇಷೆಂಟ್ ಕೈ ಹಿಡಕೊಂಡು ನನ್ನ ಕೈ ತಿರುಗಿಸೋಕೆ ಆಗುತ್ತಾ? ಎಣಿಕೆ ತಪ್ಪುತ್ತೆ."

ಬೆರಳಿಗೆ ಸಿಕ್ಕಿಸುವ ಮೀಟರ್ ವಾರ್ಡಿನಲ್ಲಿದೆ. ಆದರೂ ಕೈಯಾರೆ ನಾಡಿ ಹಿಡಿಯದಿದ್ದರೆ ಅಮ್ಮನಿಗೆ ಸಮಾಧಾನವಿಲ್ಲ. ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸುವುದು ರೂಢಿ. ಬಡಿತ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷ. ಆ ಒಂದು ನಿಮಿಷ ಮುಳ್ಳು ಕಾಣಲೇಬೇಕು. ನಾನು ಕೊಟ್ಟ ಉಡುಗೊರೆ ಅಷ್ಟೂ ಮಾಡುತ್ತಿರಲಿಲ್ಲ. ನನಗೆ ಬೇಜಾರಾಗುತ್ತದೆಂದು ಅಮ್ಮ ಅದನ್ನು ಹೇಳಿರಲೂ ಇಲ್ಲ.

ಗಾಜು ಕನ್ನಡಿಯಾಗುವುದು ಯಾಕೆ?

ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲೇ ಹುಡುಕಾಟ ಶುರು. ಗಾಜಿನ ಪ್ರತಿ ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ವಾಪಸ್ ಎಸೆಯುತ್ತದೆ. ಮಾಮೂಲಿ ಗಾಜು, ಹಳೇ ವಾಚುಗಳ ಅಕ್ರಿಲಿಕ್ ಪ್ಲಾಸ್ಟಿಕ್ ಗಾಜು, ಇವೆರಡೂ ಒಂದೊಂದು ಮೈಯಿಂದ ಸುಮಾರು ಶೇ 4ರಷ್ಟು. ಸಫೈರ್ ಗೀರು ಬೀಳದಷ್ಟು ಗಟ್ಟಿ, ವಜ್ರದ ನಂತರದ ಸಾಲಿನದು. ಆದರೆ ಬೆಳಕನ್ನು ಹೆಚ್ಚು ಬಗ್ಗಿಸುವ ಗುಣ ಇರುವುದರಿಂದ ಒಂದೊಂದು ಮೈಯಿಂದ ಸುಮಾರು ಶೇ 7.7 ವಾಪಸ್ ಬರುತ್ತದೆ. ಹೊರಮೈ, ಒಳಮೈ ಸೇರಿದರೆ ಶೇ 15ರ ಹತ್ತಿರ. ಸಾಲದ್ದಕ್ಕೆ ನಾನು ಕೊಟ್ಟ ವಾಚಿನದು ಚಪ್ಪಟೆ ಗಾಜು, ಒಳಗೆ ಕಪ್ಪು ಡಯಲ್. ಇನ್ನೇನು ಬೇಕು ಕನ್ನಡಿಗೆ?

ಇದಕ್ಕಿರುವ ಮದ್ದೇ ಆ್ಯಂಟಿ-ರಿಫ್ಲೆಕ್ಟಿವ್ ಕೋಟಿಂಗ್. ನಮ್ಮ ಕನ್ನಡಕಗಳಿಗೆ ಹಾಕುತ್ತಾರಲ್ಲ, ಅದೇ ತತ್ವ. ಗಾಜಿನ ಮೇಲೆ ಮೆಗ್ನೀಸಿಯಂ ಫ್ಲೋರೈಡ್‌ನಂಥ ವಸ್ತುವಿನ ಸುಮಾರು 100 ನ್ಯಾನೋಮೀಟರ್ ದಪ್ಪದ ಪದರ ಕೂರಿಸುತ್ತಾರೆ. ಕೂದಲೆಳೆಗಿಂತ ಅದು ನೂರಾರು ಪಟ್ಟು ತೆಳು. ಪದರದ ಮೇಲಿಂದ ಮರಳುವ ಬೆಳಕಿನ ಅಲೆ, ತಳದಿಂದ ಮರಳುವ ಅಲೆ ಒಂದಕ್ಕೊಂದು ಉಲ್ಟಾ ಬಿದ್ದು ಅಳಿಸಿಹೋಗುತ್ತವೆ. ವಾಪಸ್ ಬರಬೇಕಿದ್ದ ಬೆಳಕು ಗಾಜಿನಾಚೆ ದಾಟುತ್ತದೆ. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ ಕಂಡುಕೊಂಡ ವಿದ್ಯೆ ಇದು. ಮೊದಲು ಬೈನಾಕ್ಯುಲರ್, ಕ್ಯಾಮೆರಾಗಳ ಲೆನ್ಸಿಗೆ ಬಂತು. ಈಗ ವಾಚಿಗೂ ಇದೆ.

ಸರಿ, ಮಾಡಿಸಿದರಾಯ್ತು ಅಂದುಕೊಂಡೆ.

800 ರೂಪಾಯಿಯ 'ನ್ಯಾನೋ'

ಮೊದಲು ಹೋಗಿದ್ದು ನನ್ನ ಕನ್ನಡಕದ ಅಂಗಡಿಗೆ. "ನಮ್ಮ ಲ್ಯಾಬ್‌ನಲ್ಲಿ ಲೆನ್ಸಿಗೆ ಮಾತ್ರ ಮೇಡಂ. ವಾಚ್ ಗಾಜು ಆಗಲ್ಲ" ಅಂದರು. ಬೇಸರ ಪಟ್ಟುಕೊಂಡು ಹೊರಬಂದೆ. ಅವರು ಎಷ್ಟು ಪ್ರಾಮಾಣಿಕವಾಗಿ ಹೇಳಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು.

ವಾಚ್ ಕಂಪನಿಯವರಿಗೆ ಮೇಲ್ ಹಾಕಿದೆ. ಆ ಮಾಡೆಲ್‌ಗೆ ಕೋಟಿಂಗ್ ಇರುವ ಗಾಜು ಬರುವುದೇ ಇಲ್ಲ ಎಂಬ ಉತ್ತರ ಬಂತು.

ಮೂರನೆಯದು ಮಾಲ್ ಒಂದರ ಪುಟ್ಟ ಕೌಂಟರ್. ಮೊಬೈಲ್, ವಾಚು, ಏನು ಕೊಟ್ಟರೂ 'ನ್ಯಾನೋ ಆ್ಯಂಟಿ-ಗ್ಲೇರ್'. ಹತ್ತೇ ನಿಮಿಷ, 800 ರೂಪಾಯಿ. ವಾಚು ಬಿಚ್ಚುವುದೇ ಬೇಡವಂತೆ! ಹುಡುಗ ಎರಡು ಹನಿ ಏನೋ ದ್ರವ ಹಾಕಿ, ಬಟ್ಟೆಯಲ್ಲಿ ತಿಕ್ಕಿ ಕೊಟ್ಟ. ಮಾಲಿನ ಮಂದ ಬೆಳಕಿನಲ್ಲಿ ನನಗೂ ವ್ಯತ್ಯಾಸ ಕಂಡ ಹಾಗೇ ಆಯಿತು. ಖುಷಿಯಿಂದ ಊರಿಗೆ ಕಳಿಸಿದೆ.

ಹತ್ತು ದಿನಕ್ಕೆ ಅಮ್ಮನ ಫೋನ್. "ಪುಟ್ಟಾ, ಬೈಬೇಡ. ಸ್ಯಾನಿಟೈಸರ್ ಬಿತ್ತು. ಒರೆಸಿದ್ರೆ ಗಾಜೆಲ್ಲ ಎಣ್ಣೆ ಮೆತ್ತಿದ ಹಾಗಾಗಿದೆ. ನಾನೇ ಏನೋ ಹಾಳು ಮಾಡಿಬಿಟ್ನೇನೋ..."

ಹಾಳು ಮಾಡಿದ್ದು ನಾನು. ಬಯ್ಯಿಸಿಕೊಳ್ಳುವ ಭಯ ಅಮ್ಮನಿಗೆ. ಆ ರಾತ್ರಿ ನಿದ್ದೆ ಬರಲಿಲ್ಲ.

"ಯಾರು ಕಟ್ಟೋದು?"

ಆಫೀಸಿನ ಸಹೋದ್ಯೋಗಿಯೊಬ್ಬರು ಅವೆನ್ಯೂ ರಸ್ತೆ ಪಕ್ಕದ ಗಲ್ಲಿಯೊಂದರ ರಿಪೇರಿ ಅಂಗಡಿಗೆ ಕಳಿಸಿದರು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಜಾಗ. ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೊದಲ ಪ್ರಶ್ನೆ: "ಯಾರಮ್ಮಾ ಕಟ್ಟೋದು?"

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹೇಳಿದೆ. ನರ್ಸು, ನಾಡಿ, ಟ್ಯೂಬ್‌ಲೈಟು, ಸ್ಯಾನಿಟೈಸರು, ಎಲ್ಲ.

"ಹಂಗಾದ್ರೆ ಹೊರಗಡೆ ಕೋಟಿಂಗ್ ಬೇಡ. ದಿನಕ್ಕೆ ಐವತ್ತು ಸಲ ಒರೆಸ್ತಾರೆ. ಸಫೈರಿಗೆ ಗೀರು ಬೀಳಲ್ಲ, ಆದ್ರೆ ಮೇಲಿನ ಪದರಕ್ಕೆ ಬೀಳುತ್ತೆ. ಒಳಗಡೆ ಮಾತ್ರ ಇರೋ ಗಾಜು ಹಾಕೋಣ."

"ಈ ಗಾಜಿಗೇ ಮಾಡಿಸೋಕೆ ಆಗಲ್ವಾ ಸರ್?"

"ಆಗಲ್ಲಮ್ಮಾ. ಅದು ಅಂಗಡೀಲಿ ಆಗೋ ಕೆಲಸ ಅಲ್ಲ."

ಅವರು ವಿವರಿಸಿದ್ದರ ಜೊತೆಗೆ ನಾನು ಆಮೇಲೆ ಓದಿದ್ದನ್ನೂ ಸೇರಿಸಿ ಹೇಳುತ್ತೇನೆ. ಅಸಲಿ ಕೋಟಿಂಗ್ ಆಗುವುದು ಗಾಳಿ ತೆಗೆದ ನಿರ್ವಾತ ಪೆಟ್ಟಿಗೆಯೊಳಗೆ. ಅಲ್ಲಿ ವಸ್ತುವನ್ನು ಆವಿ ಮಾಡಿ ಗಾಜಿನ ಮೇಲೆ ಕೂರಿಸುತ್ತಾರೆ. ಪದರ ಗಟ್ಟಿಯಾಗಲೆಂದು ಗಾಜನ್ನೂ ಚೆನ್ನಾಗಿ ಬಿಸಿ ಮಾಡುವುದುಂಟು. ಅಕ್ರಿಲಿಕ್ ಆ ಬಿಸಿಗೆ ತಡೆಯದು. ವಾಚಿನಲ್ಲಿ ಕೂತ ಗಾಜಿಗಂತೂ ಸಾಧ್ಯವೇ ಇಲ್ಲ, ಬಿಚ್ಚಲೇಬೇಕು. ಒಂದು ಬೆರಳಚ್ಚು ಉಳಿದರೂ ಅಲ್ಲಿ ಪದರ ಹಿಡಿಯುವುದಿಲ್ಲ. ಒಂದೇ ಒಂದು ಗಾಜಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಬಿಡಿ ಗಾಜು ಕಳಿಸಿದರೆ ಮಾಡಿಕೊಡುವವರು ಹೊರದೇಶಗಳಲ್ಲಿದ್ದಾರೆ. ಆದರೆ ಸಾಧಾರಣ ಬೆಲೆಯ ವಾಚಿಗೆ ಹೋಗಿಬರುವ ಖರ್ಚೇ ಜಾಸ್ತಿ. ಸುಲಭದ ದಾರಿ ಎಂದರೆ, ಮೊದಲೇ ಕೋಟಿಂಗ್ ಆಗಿ ಬರುವ ಗಾಜನ್ನು ಅಳತೆಗೆ ಸರಿಯಾಗಿ ತರಿಸಿ ಬದಲಿಸುವುದು. ಅಂದರೆ ನಾನು ಹುಡುಕಬೇಕಿದ್ದದ್ದು ಕೋಟಿಂಗ್ ಮಾಡುವವರನ್ನಲ್ಲ, ಗಾಜು ಬದಲಿಸುವವರನ್ನು.

ಅವರು ಗಾಜು ಬಿಚ್ಚಿ ವ್ಯಾಸ, ದಪ್ಪ ಎರಡನ್ನೂ ಅಳತೆ ಕಡ್ಡಿಯಲ್ಲಿ ಅಳೆದು, ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೂ ಬರೆದುಕೊಂಡರು. ಬರೆಯುತ್ತಲೇ, "ಮೊದಲೇ ಹೇಳ್ತೀನಿ. ಒಳಗಡೆ ಮಾತ್ರ ಅಂದ್ರೆ ಗ್ಲೇರ್ ಅರ್ಧ ಹೋಗುತ್ತೆ, ಪೂರ್ತಿ ಹೋಗಲ್ಲ. ಆಮೇಲೆ ಬಂದು ಜಗಳ ಆಡಬಾರದು" ಎಂದು ನಕ್ಕರು. ಮಾಲಿನ ಹುಡುಗ ನೂರಕ್ಕೆ ನೂರು ಅಂದಿದ್ದ. ಇವರು ಅರ್ಧ ಅಂದರು. ನಾನು ಇವರನ್ನೇ ನಂಬಿದೆ.

ಎರಡು ವಾರಕ್ಕೆ ಗಾಜು ಬಂತು. ವಾಷರ್ ಬದಲಿಸಿ, ನೀರು ಒಳಹೋಗದಂತೆ ಪ್ರೆಷರ್ ಟೆಸ್ಟ್ ಮಾಡಿ, ಹಳೇ ಗಾಜನ್ನೂ ಕಾಗದದಲ್ಲಿ ಸುತ್ತಿ ಕೈಗಿಟ್ಟರು.

ನೀವೂ ಹುಡುಕುತ್ತಿದ್ದರೆ

• ಗಾಜು ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಹಳೇ ವಾಚಿನ ಅಕ್ರಿಲಿಕ್ ಆದರೆ ಕೋಟಿಂಗ್ ಯೋಚನೆ ಬಿಡಿ. ಪಾಲಿಶ್ ಮಾಡಿಸಿದರೇ ಅರ್ಧ ಸಮಸ್ಯೆ ಮುಗಿಯುತ್ತದೆ.

• ಬಿಚ್ಚದೆ ಮಾಡಿಕೊಡ್ತೀವಿ ಅಂದರೆ ಎದ್ದು ಬನ್ನಿ. ಅದು ನೀರು ಜಾರುವ ದ್ರವವೋ, ತೆಳು ಪ್ಲಾಸ್ಟಿಕ್ಕೋ ಆಗಿರುತ್ತದೆ.

• ಒಳಗೋ ಹೊರಗೋ, ಕೇಳಿ. ಎರಡೂ ಕಡೆ ಇದ್ದರೆ ಡಯಲ್ ತುಂಬಾ ಚೆನ್ನಾಗಿ ಕಾಣುತ್ತದೆ, ಆದರೆ ಹೊರಪದರಕ್ಕೆ ಗೀರು ಬೀಳುತ್ತದೆ. ಆಫೀಸು, ಸಮಾರಂಭಕ್ಕೆ ಮಾತ್ರ ಕಟ್ಟುವವರಿಗೆ ಅಡ್ಡಿಯಿಲ್ಲ. ಕೈಕೆಲಸದವರಿಗೆ ಒಳಗಡೆಯದೇ ವಾಸಿ.

• ಟ್ಯೂಬ್‌ಲೈಟ್ ಪರೀಕ್ಷೆ ಮಾಡಿ. ಗಾಜನ್ನು ಓರೆಯಾಗಿ ಹಿಡಿದು ದೀಪದ ಪ್ರತಿಬಿಂಬ ನೋಡಿ. ಕೋಟಿಂಗ್ ಇರುವ ಮೈಯದು ಮಂದವಾಗಿ, ನೀಲಿಯೋ ನೇರಳೆಯೋ ಬಣ್ಣಕ್ಕಿರುತ್ತದೆ. ಬರೀ ಬಿಳಿ ಕಂಡರೆ ಕೋಟಿಂಗ್ ಇಲ್ಲ.

• ವಾರಂಟಿ ಇದೆಯೇ ನೋಡಿಕೊಳ್ಳಿ. ಹೊರಗೆ ಬಿಚ್ಚಿಸಿದರೆ ಅದು ಹೋಗಬಹುದು. ಪ್ರೆಷರ್ ಟೆಸ್ಟ್ ಮಾಡುತ್ತಾರಾ, ಹಳೇ ಗಾಜು ವಾಪಸ್ ಕೊಡುತ್ತಾರಾ ಎಂದೂ ಕೇಳಿ.

ಕೊನೆಗೆ ಲೆಕ್ಕ ಹಾಕಿದಾಗ

ಯುಗಾದಿಗೆ ನಾನೇ ವಾಚು ತೆಗೆದುಕೊಂಡು ಹೋದೆ. ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ನಿಂತು ಅಮ್ಮ ನನ್ನ ಮಣಿಕಟ್ಟು ಹಿಡಿದಳು. ತುಟಿ ಅಲ್ಲಾಡಿಸುತ್ತಾ ಎಣಿಸಿದಳು. ಕೈ ಓರೆ ಮಾಡಲಿಲ್ಲ. "ಎಪ್ಪತ್ತಾರು" ಅಂದಳು. "ಕಾಣ್ತು. ಆ ಹಳೇದರಲ್ಲಿ ಕಂಡ ಹಾಗೇ ಕಾಣ್ತು."

ರಾತ್ರಿ ಮಲಗಿದಾಗ ಆ ಮಾತು ನೆನಪಾಗಿ ಲೆಕ್ಕ ಹಾಕಿದೆ. ಒಳಮೈಯ ಪ್ರತಿಫಲನ ಹೆಚ್ಚುಕಡಿಮೆ ಹೋಗಿ ಹೊರಮೈಯದು ಮಾತ್ರ ಉಳಿಯಿತು ಅಂದರೆ ಶೇ 8ರ ಹತ್ತಿರ. ಅಕ್ರಿಲಿಕ್ ಗಾಜಿನ ಎರಡು ಮೈ ಸೇರಿದರೂ ಅಷ್ಟೇ. ಇಷ್ಟೆಲ್ಲ ಓಡಾಡಿ, ಖರ್ಚು ಮಾಡಿ, ನಾನು ಹೊಸ ವಾಚನ್ನು ತಂದು ನಿಲ್ಲಿಸಿದ್ದು ಅಮ್ಮನ ಹಳೇ ಎಚ್‌ಎಂಟಿಯ ಮಟ್ಟಕ್ಕೆ! ಅಂಗಡಿಯಲ್ಲಿ ಬೆಲೆ, ಬ್ರ್ಯಾಂಡು, ಗೀರು ಬೀಳದ ಗಾಜು ಎಲ್ಲ ವಿಚಾರಿಸಿದ್ದೆ. ಅಮ್ಮ ವಾಚಿನಲ್ಲಿ ಏನು ನೋಡುತ್ತಾಳೆ ಎಂದು ಮಾತ್ರ ಕೇಳಿರಲಿಲ್ಲ.

ಬೆಳಿಗ್ಗೆ ಅಮ್ಮ ಡ್ಯೂಟಿಗೆ ಹೊರಟಾಗ ಕೈಯಲ್ಲಿ ಹೊಸ ವಾಚಿತ್ತು. ಎಚ್‌ಎಂಟಿ? ಅದನ್ನು ಕೀಲಿ ಕೊಟ್ಟು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. "ಇರಲಿ ಪುಟ್ಟಾ, ಅಭ್ಯಾಸ ಆಗೋವರೆಗೂ."