ದೀಪ ಆರಿಸಿದ್ದಾಯ್ತು, ಮೋಟಾರು?

ಇವತ್ತು ರಾತ್ರಿ ಎಂಟೂವರೆಯಿಂದ ಒಂಬತ್ತೂವರೆವರೆಗೆ ಮನೆ ಲೈಟ್ ಆರಿಸಿ ಕೂತ್ಕೊಳ್ಳಿ ಅಂತ ನಿಮ್ಮ ಮೊಬೈಲ್‌ಗೂ ಒಂದು ಮೆಸೇಜ್ ಬಂದಿರಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕಿನ ವೀಕ್ಷಕರಿಂದ ಎರಡು ದಿನದಿಂದ ನನಗೆ ಇದೇ ವಿಷಯಕ್ಕೆ ಫೋನು. ಒಬ್ಬರು ಕೇಳಿದರು: "ಸರ, ಎಲ್ಲಾರೂ ಕೂಡಿ ಒಮ್ಮೆಲೇ ಲೈಟ್ ಆರಿಸಿದ್ರ ಗ್ರಿಡ್ ಬಿದ್ದು ಹೋಗತೈತಂತ, ಖರೇನ್ರಿ?" ಅಥಣಿ ಕಡೆಯ ರೈತರೊಬ್ಬರ ಪ್ರಶ್ನೆ ಇನ್ನೂ ಖಾರವಾಗಿತ್ತು: "ನಮ್ಮ ಹೊಲಕ್ಕ ತ್ರೀ ಫೇಸ್ ಬರೂದ ನಡುರಾತ್ರ್ಯಾಗ. ನಾವ್ ಯಾವ ಲೈಟ್ ಆರಸೂಣ್ರಿ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಒಂದೊಂದಾಗಿ ನೋಡೋಣ.

ಮೊದಲು ಈ ಒಂದು ಗಂಟೆಯ ಕಥೆ. ಇದರ ಹೆಸರು ಅರ್ಥ್ ಅವರ್. 2007ರ ಮಾರ್ಚ್ 31ರಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಶುರುವಾಯಿತು. ವನ್ಯಜೀವಿ ಸಂರಕ್ಷಣೆಗೆ ಹೆಸರಾದ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆ ಕರೆ ಕೊಟ್ಟಿತ್ತು. ಸಂಘಟಕರ ಲೆಕ್ಕದಲ್ಲಿ ಆ ಒಂದೇ ನಗರದಲ್ಲಿ 22 ಲಕ್ಷ ಜನ ಲೈಟ್ ಆರಿಸಿದರು. 2009ರಲ್ಲಿ ಭಾರತವೂ ಸೇರಿಕೊಂಡಿತು. ಅಂದಿನಿಂದ ಪ್ರತಿ ಮಾರ್ಚ್ ಕೊನೆಯ ಹೊತ್ತಿಗೆ ಒಂದು ಶನಿವಾರ ರಾತ್ರಿ ವಿಧಾನಸೌಧದಂಥ ದೊಡ್ಡ ದೊಡ್ಡ ಕಟ್ಟಡಗಳು ಕತ್ತಲಲ್ಲಿ ನಿಂತ ಫೋಟೋ ನೀವು ನೋಡೇ ನೋಡ್ತೀರಿ.

ಈಗ ಗ್ರಿಡ್ ಬೀಳುತ್ತಾ ಅನ್ನೋ ಪ್ರಶ್ನೆ. ಇದಕ್ಕೆ ನಿಮ್ಮೂರಿನ ರಸ್ತೆಯದೇ ಉದಾಹರಣೆ ಕೊಡ್ತೀನಿ. ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಟ್ರ್ಯಾಕ್ಟರ್ ಏರು ಹತ್ತುತ್ತಿದೆ ಅಂದ್ಕೊಳ್ಳಿ. ಇಂಜಿನ್ ಎಷ್ಟು ಜಗ್ಗಬೇಕೋ ಅಷ್ಟೇ ಜಗ್ಗುತ್ತಿರುತ್ತದೆ. ಫಟ್ ಅಂತ ಹಿಂದಿನ ಕೊಂಡಿ ಕಳಚಿತು. ಟ್ರ್ಯಾಕ್ಟರ್ ಮುಂದಕ್ಕೆ ನೆಗೆಯುತ್ತದೆ. ಡ್ರೈವರ್ ತಕ್ಷಣ ಎಕ್ಸಲೇಟರ್‌ನಿಂದ ಕಾಲು ತೆಗೆಯದಿದ್ದರೆ ಅನಾಹುತ. ವಿದ್ಯುತ್ ಜಾಲವೂ ಹಂಗೇ. ಇಷ್ಟು ದೊಡ್ಡ ಪ್ರಮಾಣದ ಕರೆಂಟನ್ನು ಕೂಡಿಟ್ಟುಕೊಳ್ಳುವ ಕಣಜ ನಮ್ಮಲ್ಲಿಲ್ಲ. ಆ ಕ್ಷಣ ಎಷ್ಟು ಬಳಕೆಯೋ ಆ ಕ್ಷಣ ಅಷ್ಟೇ ಉತ್ಪಾದನೆ ಆಗಬೇಕು. ಬಳಕೆ ಹೆಚ್ಚಾದರೆ ಜಾಲದ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಕೆಳಗಿಳಿಯುತ್ತದೆ, ಬಳಕೆ ದಿಢೀರ್ ಕುಸಿದರೆ ಮೇಲೇರುತ್ತದೆ. ಎರಡೂ ಅತಿಯಾದರೆ ಕೇಂದ್ರಗಳು ತಮ್ಮ ರಕ್ಷಣೆಗೆ ತಾವೇ ಕಳಚಿಕೊಳ್ಳುತ್ತವೆ.

ಇದರ ದೊಡ್ಡ ಪರೀಕ್ಷೆ ನಡೆದದ್ದು 2020ರ ಏಪ್ರಿಲ್ 5ರಂದು. ಕೊರೊನಾ ಲಾಕ್‌ಡೌನ್ ಕಾಲ, ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ಲೈಟ್ ಆರಿಸಿ ಹಣತೆ ಹಚ್ಚಿ ಅಂತ ಪ್ರಧಾನಿ ಕರೆ ಕೊಟ್ಟಿದ್ದರು. ಉದ್ದೇಶ ವಿದ್ಯುತ್ ಉಳಿತಾಯ ಆಗಿರಲಿಲ್ಲ, ಆದರೆ ಇಡೀ ದೇಶ ಒಟ್ಟಿಗೆ ಸ್ವಿಚ್ ಒತ್ತಿದರೆ ಏನಾಗುತ್ತದೆ ಅನ್ನೋದು ಅವತ್ತು ಗೊತ್ತಾಯಿತು. ಬಳಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಅಂತ ಅಧಿಕಾರಿಗಳು ಅಂದಾಜು ಮಾಡಿದ್ದರು. ಇಳಿದದ್ದು ಎಷ್ಟು? 8 ಗಂಟೆ 49 ನಿಮಿಷಕ್ಕೆ ಸುಮಾರು 1,17,300 ಮೆಗಾವ್ಯಾಟ್ ಇದ್ದ ಬೇಡಿಕೆ 9 ಗಂಟೆ 9 ನಿಮಿಷಕ್ಕೆ 85,300ಕ್ಕೆ ಬಂತು. ಅಂದರೆ 32 ಸಾವಿರ! ಅಂದಾಜಿನ ಎರಡು ಪಟ್ಟಿಗೂ ಜಾಸ್ತಿ.

ಆದರೂ ಗ್ರಿಡ್ ಬೀಳಲಿಲ್ಲ. ಯಾಕೆ? ಡ್ರೈವರ್ ಮೊದಲೇ ತಯಾರಾಗಿದ್ದ. ಕಲ್ಲಿದ್ದಲು ಕೇಂದ್ರಗಳನ್ನು ಬೇಕಾದ ಹಾಗೆ ಫಟಾಫಟ್ ಏರಿಸಿ ಇಳಿಸಲಾಗುವುದಿಲ್ಲ. ಜಲವಿದ್ಯುತ್ ಹಾಗಲ್ಲ, ನೀರಿನ ಗೇಟು ತಿರುಗಿಸಿದರೆ ನಿಮಿಷದಲ್ಲಿ ಕಡಿಮೆ, ನಿಮಿಷದಲ್ಲಿ ಹೆಚ್ಚು. ಅವತ್ತು ಜಲವಿದ್ಯುತ್ ಉತ್ಪಾದನೆಯನ್ನು ಇಪ್ಪತ್ತೈದು ನಿಮಿಷದೊಳಗೆ 25 ಸಾವಿರ ಮೆಗಾವ್ಯಾಟ್‌ನಿಂದ 8 ಸಾವಿರದ ಆಸುಪಾಸಿಗೆ ಇಳಿಸಿ, ಮತ್ತೆ ಏರಿಸಿದರು. ಹಾಗಾಗಿ ಇವತ್ತಿನ ಒಂದು ಗಂಟೆಗೆ ನೀವು ಹೆದರಬೇಕಾಗಿಲ್ಲ. ಐದು ತಾಲ್ಲೂಕಿನ ಲೈಟು ಅಷ್ಟು ದೊಡ್ಡ ಜಾಲಕ್ಕೆ ಸಮುದ್ರದಾಗ ಒಂದು ಚೊಂಬು.

ಹಿಂದೆ ನಮ್ಮ ಜಾಲ ಬೇರೆ, ಉತ್ತರದವರ ಜಾಲ ಬೇರೆ ಇತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಗಿ, ಎರಡನೇ ದಿನ 60 ಕೋಟಿಗೂ ಹೆಚ್ಚು ಜನರಿದ್ದ ಪ್ರದೇಶಕ್ಕೆ ಕರೆಂಟ್ ಹೋದಾಗ ನಮಗೆ ಬಿಸಿ ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ಮೂಲಕ ದಕ್ಷಿಣದ ಜಾಲವೂ ಜೋಡಣೆಯಾಯಿತು. ಈಗ ರಾಯಬಾಗದ ಬಾವಿಯ ಮೋಟಾರು, ಶ್ರೀನಗರದ ಫ್ಯಾನು ಒಂದೇ ತಾಳಕ್ಕೆ ತಿರುಗುತ್ತವೆ.

ಸರಿ, ಗ್ರಿಡ್‌ಗೆ ತೊಂದರೆ ಇಲ್ಲ. ಆದರೆ ಲಾಭ ಎಷ್ಟು? ಪೆನ್ನು ಹಿಡಿಯಿರಿ, ಲೆಕ್ಕ ಮಾಡೋಣ.

ಒಂದು ಮನೆಯಲ್ಲಿ 9 ವ್ಯಾಟಿನ ಐದು ಎಲ್‌ಇಡಿ ಬಲ್ಬ್ ಉರಿಯುತ್ತವೆ ಅಂತಿಟ್ಟುಕೊಳ್ಳಿ. ಒಟ್ಟು 45 ವ್ಯಾಟ್. ಒಂದು ಗಂಟೆ ಆರಿಸಿದರೆ 22 ಮನೆ ಸೇರಿ ಒಂದು ಯೂನಿಟ್ ಉಳಿಯುತ್ತದೆ. ಐದು ತಾಲ್ಲೂಕಿನ ಒಂದು ಲಕ್ಷ ಮನೆಯವರು ಕತ್ತಲಲ್ಲಿ ಕೂತರು ಅನ್ನಿ, ಉಳಿದದ್ದು 4,500 ಯೂನಿಟ್.

ಈಗ ಹೊಲಕ್ಕೆ ಬನ್ನಿ. 5 ಎಚ್‌ಪಿ ಮೋಟಾರು ಗಂಟೆಗೆ ಕಡಿಮೆ ಅಂದ್ರೂ 3.7 ಯೂನಿಟ್ ತಿನ್ನುತ್ತದೆ. ಏಳು ಗಂಟೆ ತ್ರೀ ಫೇಸ್ ಇದ್ದರೆ ಸುಮಾರು 26 ಯೂನಿಟ್. ಅಂದರೆ ಒಂದು ಲಕ್ಷ ಮನೆ ಉಳಿಸಿದ್ದನ್ನು 173 ಮೋಟಾರುಗಳು ಒಂದೇ ಪಾಳಿಯಲ್ಲಿ ಮುಗಿಸಿಬಿಡುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯಲ್ಲಿ ಕಬ್ಬು ಬೆಳೆಯುವ ಒಂದೇ ಊರಿನಲ್ಲಿ ಅಷ್ಟು ಮೋಟಾರು ಇದ್ದರೂ ಆಶ್ಚರ್ಯವಿಲ್ಲ.

ಇದನ್ನೇ ತಿರುಗಿಸಿ ನೋಡಿ. ನೀರು ಸಾಕಾದ ಮೇಲೆ ಒಬ್ಬನೇ ರೈತ ಒಂದು ಗಂಟೆ ಮೊದಲು ಮೋಟಾರು ಬಂದ್ ಮಾಡಿದರೆ, 82 ಮನೆಯವರು ಒಂದು ಗಂಟೆ ಕತ್ತಲಲ್ಲಿ ಕೂತಷ್ಟು ಉಳಿತಾಯ. ನಾನು ಇವತ್ತು ಹೇಳಬೇಕಾದ ಮಾತು ಇದೇ. ಈ ಭಾಗದಲ್ಲಿ ಕರೆಂಟ್ ಉಳಿಸುವ ಸ್ವಿಚ್ ಮನೆಯ ಗೋಡೆ ಮೇಲಿಲ್ಲ, ಹೊಲದ ಸ್ಟಾರ್ಟರ್ ಪೆಟ್ಟಿಗೆಯಲ್ಲಿದೆ.

ಹಾಗಾದರೆ ತಪ್ಪು ರೈತನದಾ? ತಡೀರಿ, ಅಲ್ಲಿಗೆ ಜಿಗಿಯಬೇಡಿ.

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಸರ್ಕಾರ ಇದಕ್ಕೆ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಹೆಚ್ಚು ಸಬ್ಸಿಡಿ ಕೊಡುತ್ತದೆ. ಬಿಲ್ ಇಲ್ಲ ಅನ್ನೋದೊಂದೇ ಕಾರಣಕ್ಕೆ ರೈತ ಮೋಟಾರು ಬಿಟ್ಟು ಮಲಗುತ್ತಾನೆ ಅಂತ ಪೇಟೆಯವರು ತಿಳ್ಕೊಂಡಿದ್ದಾರೆ. ಅರ್ಧ ಸತ್ಯ. ಇನ್ನರ್ಧ ಏನು ಅಂದರೆ, ಕರೆಂಟ್ ರಾತ್ರಿ ಬಂದರೆ ಅವನು ಹೊಲಕ್ಕೆ ಹೋಗಿ ಸ್ವಿಚ್ ಒತ್ತೋದು ಹೆಂಗೆ? ಕತ್ತಲು, ಹಾವು, ಚೇಳು, ನದಿ ದಂಡೆಯಲ್ಲಿ ಮೊಸಳೆ. 2023ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನೇ ಕಟ್ಟಿ, ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ವಿದ್ಯುತ್ ಕೇಂದ್ರಕ್ಕೆ ತಂದಿದ್ದು ನೆನಪಿದೆಯಲ್ಲ? ಅವರೂ ನಿಮ್ಮ ಹಾಗೆ ಹೆಸ್ಕಾಂ ಗ್ರಾಹಕರು, ಅದೇ ಕೃಷ್ಣೆಯ ದಂಡೆಯವರು. ರಾತ್ರಿ ಕರೆಂಟ್ ಕೊಟ್ಟರೆ ನಮ್ಮ ಗತಿ ಏನು ಅಂತ ಅವರು ಭಾಷಣ ಮಾಡಲಿಲ್ಲ, ಮೊಸಳೆ ತೋರಿಸಿದರು.

ಅದಕ್ಕೇ ರೈತ ಆಟೋ ಸ್ಟಾರ್ಟರ್ ಹಾಕಿ ಮನೆಗೆ ಬರುತ್ತಾನೆ. ಕರೆಂಟ್ ಬಂದಾಗ ಮೋಟಾರು ತಾನೇ ಶುರು, ಹೋದಾಗ ತಾನೇ ಬಂದ್. ಇದರಿಂದ ಎರಡು ಅನಾಹುತ. ಒಂದು, ಕರೆಂಟ್ ಬಂದ ಕ್ಷಣಕ್ಕೆ ಫೀಡರಿನ ಅಷ್ಟೂ ಮೋಟಾರು ಒಟ್ಟಿಗೆ ಎದ್ದು ಕೂರುತ್ತವೆ. ನಿಂತ ಮೋಟಾರು ಏಳುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಟಿಸಿ ಸುಡುತ್ತದೆ. ಸುಟ್ಟ ಟಿಸಿ ಬದಲಾಗಿ ಬರುವವರೆಗೆ ಬೆಳೆ ಒಣಗುತ್ತದೆ. ಎರಡು, ಗದ್ದೆ ತುಂಬಿದ ಮೇಲೂ ನೀರು ಹರಿಯುತ್ತಲೇ ಇರುತ್ತದೆ. ಆ ನೀರಿನ ಫಲ ಸವಳು-ಜವಳು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ನದಿ ದಂಡೆಯ ರೈತರಿಗೆ ಈ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಬೆಳ್ಳಗೆ ಉಪ್ಪು ಬಂದ ಕರಿಮಣ್ಣು, ಕಾಲಿಟ್ಟರೆ ಹುಗಿಯುವ ಹೊಲ. ಪುಕ್ಕಟೆ ಕರೆಂಟು ನೀರನ್ನು ತಂದಿತು, ಕಾವಲಿಲ್ಲದ ನೀರು ಭೂಮಿಯನ್ನೇ ತಿಂದಿತು. ಇದರ ಬಿಲ್ ಯಾವ ಸರ್ಕಾರವೂ ಮನ್ನಾ ಮಾಡೋಕಾಗಲ್ಲ.

ನೀರು ಅಂದಾಗ ಕೊಯ್ನಾ ನೆನಪಾಗಲೇಬೇಕು. ಕೊಯ್ನಾ ಕೃಷ್ಣೆಯ ಉಪನದಿ. ಅದರ ಜಲಾಶಯದ ನೀರನ್ನು ಸಹ್ಯಾದ್ರಿಯ ಪಶ್ಚಿಮಕ್ಕೆ ಇಳಿಸಿ ಮಹಾರಾಷ್ಟ್ರ 1,960 ಮೆಗಾವ್ಯಾಟ್ ಸಾಮರ್ಥ್ಯದ ಕೇಂದ್ರಗಳನ್ನು ನಡೆಸುತ್ತದೆ. ವರ್ಷಕ್ಕೆ 67.5 ಟಿಎಂಸಿ ತಿರುಗಿಸಲು ಬಚಾವತ್ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿದೆ. ಹಾಗೆ ಪಶ್ಚಿಮಕ್ಕೆ ಇಳಿದ ನೀರು ಕೊಂಕಣ ದಾಟಿ ಸಮುದ್ರ ಸೇರುತ್ತದೆ, ಕೃಷ್ಣೆಗೆ ವಾಪಸ್ ಬರೋದಿಲ್ಲ. ಇತ್ತ ಬೇಸಿಗೆಯಲ್ಲಿ ನಿಮ್ಮ ಕೃಷ್ಣೆ ಬತ್ತುತ್ತದೆ. 2023ರ ಮೇ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವಾರಣಾ, ಕೊಯ್ನಾದಿಂದ 2 ಟಿಎಂಸಿ ಬಿಡಿ ಅಂತ ಮಹಾರಾಷ್ಟ್ರಕ್ಕೆ ಪತ್ರ ಬರೆದರು. ಪಕ್ಷ ಯಾವುದೇ ಇರಲಿ, ಬೇಸಿಗೆ ಬಂದರೆ ಇಂಥ ಪತ್ರ ಹೋಗುತ್ತದೆ. ಕರೆಂಟಿಗಾಗಿ ನೀರು ಅತ್ತ ಹೋಯಿತು, ಉಳಿದ ನೀರೆತ್ತಲು ಇತ್ತ ಕರೆಂಟ್ ಬೇಕು. ಕರೆಂಟ್ ಬೇರೆ, ನೀರು ಬೇರೆ ಅಂತ ಈ ಭಾಗದವರು ಅಂದುಕೊಳ್ಳೋ ಹಾಗೇ ಇಲ್ಲ.

ನಿಮ್ಮ ಭಾಗ ಕರೆಂಟ್ ಬರೀ ತಿನ್ನೋದಲ್ಲ, ಕೊಡುತ್ತೆ ಕೂಡ. ಉಗಾರದಿಂದ ಹಿಡಿದು ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಕರೆಂಟ್ ತಯಾರಿಸುತ್ತವೆ, ತಮಗೆ ಬೇಕಾದಷ್ಟು ಬಳಸಿ ಉಳಿದದ್ದನ್ನು ಮಾರುತ್ತವೆ. ಆದರೆ ಮಾರ್ಚ್ ಹೊತ್ತಿಗೆ ನುರಿಸುವ ಹಂಗಾಮು ಮುಗಿಯುತ್ತದೆ. ಅದೇ ಹೊತ್ತಿಗೆ ಫ್ಯಾನು, ಕೂಲರು, ಮೋಟಾರು ಎಲ್ಲ ಏರುತ್ತವೆ. ಸಂಜೆ ಸೂರ್ಯ ಮುಳುಗಿದರೆ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕೂ ಮಲಗುತ್ತದೆ. ಆರರಿಂದ ಹತ್ತು ಗಂಟೆ ಅಂದರೆ ಜಾಲಕ್ಕೆ ಏದುಸಿರಿನ ಹೊತ್ತು. ಹಗಲಲ್ಲಿ ಉಳಿಸಿದ ಯೂನಿಟ್‌ಗಿಂತ ಆ ಹೊತ್ತಿನ ಒಂದು ಯೂನಿಟ್‌ಗೆ ಬೆಲೆ ಜಾಸ್ತಿ. ಆದ್ದರಿಂದ ನಿಪ್ಪಾಣಿ, ಚಿಕ್ಕೋಡಿ ಪೇಟೆಯವರೇ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬಂದರೂ ಆ ನಾಲ್ಕು ಗಂಟೆ ಗೀಸರ್, ಇಸ್ತ್ರಿ, ಟ್ಯಾಂಕ್ ಮೋಟಾರು ಬೇಡ. ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಆರಿಸಿದರೆ ಒಂದು ಯೂನಿಟ್, ಅಂದರೆ ಆ 22 ಮನೆಯ ಕತ್ತಲಿಗೆ ಸಮ.

ಹಾಗಾದರೆ ಲೈಟ್ ಆರಿಸುವ ಗಂಟೆ ಬರೀ ತೋರಿಕೆಯಾ? ನಾನು ಹಾಗೆ ಹೇಳಲ್ಲ. ಅದರಿಂದ ಬರುವ ಲಾಭ ಯೂನಿಟ್‌ನಲ್ಲಿ ಅಳೆಯುವಂಥದ್ದಲ್ಲ. ಇಷ್ಟು ಜನ ಒಂದು ಮಾತಿಗೆ ಕೂಡಿ ಬರ್ತಾರೆ ಅಂತ ಊರಿಗೇ ಗೊತ್ತಾಗುತ್ತೆ. ಮುಂದಿನ ಕೆಲಸಕ್ಕೆ ಅದು ಬಂಡವಾಳ. ಕಾಗವಾಡದ ಆಚೆ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಅಂತ ಒಂದು ಹಳ್ಳಿ. 2022ರಿಂದ ಅಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ, ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್, ಮಕ್ಕಳು ಪುಸ್ತಕ ಹಿಡಿಯುತ್ತಾರೆ. ಟಿವಿಯಲ್ಲಿ ಕೂತು ಟಿವಿ ಆರಿಸುವ ಊರನ್ನು ಹೊಗಳೋದು ನನ್ನ ಹೊಟ್ಟೆಪಾಡಿಗೆ ಒಳ್ಳೇದಲ್ಲ, ಆದರೂ ಹೊಗಳ್ತೀನಿ. ವರ್ಷಕ್ಕೊಮ್ಮೆ ಮಾಡಿದರೆ ಹಬ್ಬ, ದಿನಾ ಮಾಡಿದರೆ ರೂಢಿ. 2011ರಲ್ಲಿ ಸುನಾಮಿ ಬಂದು ಫುಕುಶಿಮಾ ಅಣುಸ್ಥಾವರ ನಿಂತಾಗ ಜಪಾನಿನವರೂ ಒಂದು ಗಂಟೆ ಆರಿಸಿ ಸುಮ್ಮನಾಗಲಿಲ್ಲ. ಟೋಕಿಯೊ ಭಾಗದಲ್ಲಿ ಇಡೀ ಬೇಸಿಗೆ ಶೇ 15ರಷ್ಟು ಕಡಿತದ ಗುರಿ ಇಟ್ಟುಕೊಂಡು, ಕಚೇರಿ, ಕಾರ್ಖಾನೆ, ಮನೆ ಎಲ್ಲ ಸೇರಿ ದಾಟಿದರು.

ಈಗ ಅಥಣಿಯ ಆ ರೈತರಿಗೆ ನನ್ನ ಉತ್ತರ. ನೀವು ಆರಿಸಬೇಕಾದ್ದು ಆಟೋ ಸ್ಟಾರ್ಟರ್. ಆದರೆ ಅದನ್ನು ಆರಿಸಿ ಅಂತ ನಿಮಗೆ ಹೇಳುವ ಹಕ್ಕು ಬರೋದು, ಹಗಲು ಹೊತ್ತು ಏಳು ಗಂಟೆ ತ್ರೀ ಫೇಸ್ ಹೇಳಿದ ಟೈಮಿಗೆ ಕೊಟ್ಟ ಮೇಲೆ. ಸೋಲಾರ್ ಇರೋದೂ ಹಗಲೇ, ರೈತ ಹೊಲದಲ್ಲಿ ಇರೋದೂ ಹಗಲೇ. ಎರಡನ್ನೂ ಜೋಡಿಸೋದು ಅಧಿಕಾರಿಗಳ ಕೆಲಸ. ಅದಾದ ಮೇಲೆ ರೈತರ ಪಾಲು: ಮೋಟಾರಿಗೆ ಕೆಪ್ಯಾಸಿಟರ್ ಹಾಕಿಸಿ, ಲೈನಿನ ಮೇಲಿನ ಭಾರ ಇಳಿಯುತ್ತದೆ, ಟಿಸಿ ಬಾಳುತ್ತದೆ. ಹಳೇ ಫುಟ್‌ವಾಲ್ವ್, ಸೋರುವ ಪೈಪು ಬದಲಾಯಿಸಿ. ಕಬ್ಬಿಗೆ ಹನಿ ನೀರಾವರಿಗೆ ಬನ್ನಿ. ಒಂದು ಟಿಸಿಯ ಕೆಳಗಿನ ರೈತರು ಕೂತು ಪಾಳಿ ಹಚ್ಚಿಕೊಳ್ಳಿ, ಎಲ್ಲರೂ ಒಮ್ಮೆಲೇ ಮೋಟಾರು ಎಬ್ಬಿಸಬೇಡಿ.

ಇವತ್ತು ರಾತ್ರಿ ಎಂಟೂವರೆಗೆ ಲೈಟ್ ಆರಿಸಿ, ಖಂಡಿತಾ ಆರಿಸಿ. ಕಟ್ಟೆ ಮೇಲೆ ಕೂಡ್ರಿ. ಆ ಒಂದು ಗಂಟೆಯಲ್ಲಿ ನಿಮ್ಮ ಟಿಸಿಯ ಹತ್ತು ಜನ ಸೇರಿ, ಹಗಲು ಕರೆಂಟ್ ಬೇಕು ಅಂತ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಒಂದು ಅರ್ಜಿ, ಮೋಟಾರಿನ ಪಾಳಿಗೆ ಒಂದು ಚೀಟಿ ಬರೆಯಿರಿ. ಒಂಬತ್ತೂವರೆಗೆ ಲೈಟ್ ಹಾಕಿದಾಗ ಆ ಎರಡು ಕಾಗದ ಕೈಯಲ್ಲಿದ್ದರೆ ಕತ್ತಲಲ್ಲಿ ಕೂತದ್ದಕ್ಕೆ ಬೆಲೆ ಬಂತು.