ವಿವಾಹವಿಚ್ಛೇದನದ ಪ್ರಮಾಣ: ಅಂಕಿಗಳನ್ನು ಓದುವ ಬಗೆ

ಒಂದು ದೇಶದಲ್ಲಿ ವಿವಾಹವಿಚ್ಛೇದನ ಎಷ್ಟರಮಟ್ಟಿಗೆ ನಡೆಯುತ್ತದೆಂಬ ಪ್ರಶ್ನೆ ಮೇಲುನೋಟಕ್ಕೆ ಸರಳವಾದುದು. ಆದರೆ ಅದರ ಉತ್ತರವು ನಾವು ಏನನ್ನು ಎಣಿಸುತ್ತೇವೆ, ಯಾವುದರೊಡನೆ ಹೋಲಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಭಾರತದ 2011ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸುತ್ತೇವೆ.

ಆ ಗಣತಿಯಲ್ಲಿ ವಿಚ್ಛೇದಿತರೆಂದು ಬರೆಯಿಸಿದವರು ಸುಮಾರು 13.6 ಲಕ್ಷ ಮಂದಿ. ಒಟ್ಟು ಜನಸಂಖ್ಯೆಯೊಡನೆ ಹೋಲಿಸಿದರೆ ಇದು ಶೇಕಡ 0.11, ವಿವಾಹಿತರ ಸಂಖ್ಯೆಯೊಡನೆ ಹೋಲಿಸಿದರೆ ಶೇಕಡ 0.24. ಎಣಿಸಿದ ಜನ ಅವರೇ ಆದರೂ ಪ್ರಮಾಣ ಇಮ್ಮಡಿಗಿಂತ ಹೆಚ್ಚಾಯಿತು. ಮಕ್ಕಳೂ ಅವಿವಾಹಿತರೂ ವಿಚ್ಛೇದನ ಪಡೆಯಲಾರರಾದುದರಿಂದ ಎರಡನೆಯ ಹೋಲಿಕೆಯೇ ಹೆಚ್ಚು ಯುಕ್ತವಾದುದು. ಒಂದು ವರ್ಷದ ವಿಚ್ಛೇದನಗಳನ್ನು ಅದೇ ವರ್ಷದ ಮದುವೆಗಳಿಂದ ಭಾಗಿಸುವ ರೂಢಿಯಂತೂ ದೋಷಯುಕ್ತ. ಆ ವರ್ಷ ಬೇರೆಯಾದವರು ಬಹುಮಟ್ಟಿಗೆ ಹಿಂದಿನ ವರ್ಷಗಳಲ್ಲಿ ಮದುವೆಯಾದವರು.

ಇನ್ನು ವರ್ಗೀಕರಣದ ಮಾತು. 2001ರ ಗಣತಿಯಲ್ಲಿ ವಿಚ್ಛೇದಿತರನ್ನೂ ಬೇರ್ಪಟ್ಟವರನ್ನೂ ಒಂದೇ ವರ್ಗದಲ್ಲಿ ಸೇರಿಸಿದ್ದರು. 2011ರಲ್ಲಿ ಬೇರೆ ಬೇರೆಯಾಗಿ ಎಣಿಸಿದರು. ಆಗ ಬೇರ್ಪಟ್ಟವರು ವಿಚ್ಛೇದಿತರ ಎರಡೂವರೆ ಪಾಲಿಗಿಂತ ಹೆಚ್ಚೆಂಬುದು ತಿಳಿದುಬಂದಿತು. ಅಂದರೆ, ಮುರಿದ ದಾಂಪತ್ಯಗಳಲ್ಲಿ ಬಹುಭಾಗ ವಿಚ್ಛೇದನದ ಅಂಕಿಯೊಳಗೆ ಬರುವುದೇ ಇಲ್ಲ. ನ್ಯಾಯಾಲಯದ ದಾಖಲೆಗಳಿಗೂ ಇಂಥದೇ ಮಿತಿಯುಂಟು. 1955ರ ಹಿಂದೂ ವಿವಾಹ ಕಾಯಿದೆಯು ರೂಢಿಗತ ವಿಚ್ಛೇದನವನ್ನು ರದ್ದುಮಾಡಲಿಲ್ಲ. ಉತ್ತರ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ಸೋಡಚೀಟಿಯಿಂದ ಬಿಡುಗಡೆ ಪಡೆದು ಉಡಿಕೆಯಾದವರ ಲೆಕ್ಕ ಯಾವ ನ್ಯಾಯಾಲಯದ ಕಡತದಲ್ಲಿಯೂ ದೊರೆಯದು.

ಮತ್ತೊಂದು ಸಂಗತಿ ಹೆಚ್ಚು ಗಮನಾರ್ಹವಾದುದು. ಪ್ರತಿಯೊಂದು ವಿಚ್ಛೇದನದಿಂದಲೂ ಒಬ್ಬ ಪುರುಷನೂ ಒಬ್ಬ ಸ್ತ್ರೀಯೂ ವಿಚ್ಛೇದಿತರಾಗುತ್ತಾರೆ. ಹೀಗಿದ್ದೂ 2011ರ ಗಣತಿಯಲ್ಲಿ ವಿಚ್ಛೇದಿತ ಸ್ತ್ರೀಯರು ಪುರುಷರ ಸುಮಾರು ಇಮ್ಮಡಿಯಷ್ಟಿದ್ದರು. ಜನಗಣತಿಯು ನಡೆದ ಘಟನೆಗಳನ್ನು ಎಣಿಸದೆ ಆ ದಿನದ ಸ್ಥಿತಿಯನ್ನು ಮಾತ್ರ ಎಣಿಸುತ್ತದೆಂಬುದನ್ನು ನೆನೆದರೆ ಇದರ ಅರ್ಥ ಹೊಳೆಯುತ್ತದೆ. ಮರುಮದುವೆಯಾದವರು ಮತ್ತೆ ವಿವಾಹಿತರ ಸಾಲಿಗೆ ಸೇರುತ್ತಾರೆ. ಕೆಲವು ಪುರುಷರು ತಾವು ಅವಿವಾಹಿತರೆಂದು ಬರೆಯಿಸಿರುವುದೂ ಸಾಧ್ಯ. ಆದರೂ ಈ ಅಂತರಕ್ಕೆ ಮುಖ್ಯ ಕಾರಣವನ್ನು ಮರುಮದುವೆಯಲ್ಲಿಯೇ ಹುಡುಕಬೇಕು: ಪುರುಷನು ಪಟ್ಟಿಯಿಂದ ಬೇಗ ಹೊರಬೀಳುತ್ತಾನೆ, ಸ್ತ್ರೀ ಅಲ್ಲಿಯೇ ಉಳಿಯುತ್ತಾಳೆ.

ಪ್ರಾಂತಗಳ ನಡುವಣ ವ್ಯತ್ಯಾಸವನ್ನೂ ಇದೇ ಎಚ್ಚರದಿಂದ ಓದಬೇಕು. ಮಿಜೋರಾಮಿನಲ್ಲಿ ವಿಚ್ಛೇದಿತರ ಪ್ರಮಾಣ ವಿವಾಹಿತರ ಶೇಕಡ 4ಕ್ಕೂ ಮೀರಿತ್ತು. ಉತ್ತರಪ್ರದೇಶ, ಬಿಹಾರಗಳಲ್ಲಿ ಅದು ಬಹಳ ಕಡಮೆ. ಇದರಿಂದ ಮೊದಲನೆಯ ಕಡೆ ಸಂಸಾರ ಕೆಟ್ಟಿದೆ, ಉಳಿದೆಡೆ ನೆಮ್ಮದಿಯಿದೆ ಎಂದು ನಿರ್ಣಯಿಸುವುದು ಸಲ್ಲದು. ಮಿಜೋ ಜನರ ರೂಢಿಯಲ್ಲಿ ವಿಚ್ಛೇದನ ಸುಲಭಸಾಧ್ಯ. ಬೇರೆಡೆಗಳಲ್ಲಿ ತವರಿನ ಆಸರೆಯಾಗಲಿ ಸ್ವಂತ ಸಂಪಾದನೆಯಾಗಲಿ ಇಲ್ಲದ ಹೆಂಗಸಿಗೆ ಬಿಟ್ಟು ಬರುವ ದಾರಿಯೇ ಇಲ್ಲದಿರಬಹುದು.

ಆದುದರಿಂದ ವಿಚ್ಛೇದನದ ಪ್ರಮಾಣವು ದಾಂಪತ್ಯಸುಖದ ಅಳತೆಗೋಲಲ್ಲ. ಅಂಕಿ ಚಿಕ್ಕದೆಂದು ತೃಪ್ತರಾದರೆ, ಕಾಗದದಲ್ಲಿ ಹೆಂಡತಿಯಾಗಿಯೇ ಉಳಿದು ಬಾಳಿನಲ್ಲಿ ಒಂಟಿಯಾದವರು ಜೀವನಾಂಶದ ಲೆಕ್ಕದಿಂದಲೂ ನಮ್ಮ ಅಧ್ಯಯನದಿಂದಲೂ ತಪ್ಪಿಹೋಗುತ್ತಾರೆ. ವಿಚ್ಛೇದಿತರು, ಬೇರ್ಪಟ್ಟವರು, ಮರುಮದುವೆಯಾದವರು, ಈ ಮೂವರನ್ನೂ ಸ್ತ್ರೀಪುರುಷಭೇದದಿಂದ, ವಯಸ್ಸಿನ ಕ್ರಮದಲ್ಲಿ ಎಣಿಸಿದಾಗಲೇ ಅಂಕಿಗಳು ಬಾಳಿನ ನಿಜವನ್ನು ನುಡಿಯಬಲ್ಲವು.